ಬಾರಾಮತಿಯಿಂದ ಬರಬೇಕಾದ ಪಾಯಿಂಟು

ಜನವರಿ 8, ಬುಧವಾರ

ಸಿಲಿಂಡರ್ ಹೆಡ್ ಮತ್ತೆ ಬಿಚ್ಚಿದೆ. ಸೀಮೆಎಣ್ಣೆಯಲ್ಲಿ ನೆನೆಸಿಟ್ಟಿದ್ದು — ಮಸಿ ಅರ್ಧಕ್ಕರ್ಧ ಬಿಟ್ಟಿದೆ. ಉಳಿದದ್ದನ್ನು ಬಿದಿರುಕಡ್ಡಿಯಲ್ಲಿ ಕೆರೆದೆ. ಮೊಣಕೈವರೆಗೂ ಕರಿ. ತಮ್ಮನ ಹೆಂಡತಿ ಆರತಿ ಮೇಲಿನ ಮನೆಯಿಂದ ಪಾರ್ಕಿಂಗಿಗೆ ಇಣುಕಿ, "ನೀಲಕ್ಕಾ, ಊಟಕ್ಕ ಬರ್ತೀರೋ, ಇಲ್ಲಾ ಸಾಹೇಬ್ರ ಜೋಡಿನ ಕೂಡ್ತೀರೋ" ಎಂದಳು. ನಾಲಿಗೆ ಖಾರ, ಸಾರು ಇನ್ನೂ ಖಾರ. ಹೋದೆ.

ಸಾಹೇಬ ಅಂದರೆ ಇಂಜಿನ್. ತಗಡಿನ ಮೇಲೆ 'ಮೇಡ್ ಇನ್ ಇಂಗ್ಲೆಂಡ್' ಅನ್ನುವುದೊಂದೇ ಓದಲು ಬರುತ್ತದೆ, ಅದಕ್ಕೇ ಆ ಹೆಸರು. ಹಗ್ಗ ಸುತ್ತಿ ಎಳೆದು ಶುರು ಮಾಡುವ ಪುಟ್ಟ ಪೆಟ್ರೋಲ್ ಇಂಜಿನ್. ಪಾಲಿಟೆಕ್ನಿಕ್ ಲ್ಯಾಬಿನಲ್ಲಿ ಮೂವತ್ತು ವರ್ಷ ಹುಡುಗರಿಗೆ ಇದನ್ನೇ ಬಿಚ್ಚಿ ತೋರಿಸಿದೆ. ಲ್ಯಾಬು ಹೊಸದಾಯಿತು, ಇದನ್ನು ಗುಜರಿಗೆ ಹಾಕಿದರು. ಅದೇ ವರ್ಷ ನಾನೂ ರಿಟೈರ್. ಇಬ್ಬರೂ ಒಂದೇ ಟೆಂಪೋದಲ್ಲಿ ಮನೆಗೆ ಬಂದೆವು.

ಈಗ ಎಲ್ಲ ಇದೆ. ಪಾಯಿಂಟ್ ಒಂದಿಲ್ಲ. ಕರೆಂಟು ಹುಟ್ಟಿಸುವ ಮ್ಯಾಗ್ನೆಟೊ ಒಳಗೆ ಕೂಡುವ ಕಿರುಬೆರಳಿನಷ್ಟು ಸಾಮಾನು. ಅದು ತೆರೆದು ಮುಚ್ಚಿದರೆ ಕಿಡಿ. ಇಲ್ಲದಿದ್ದರೆ ಸಾಹೇಬ ಬರೀ ಕಬ್ಬಿಣ. ಈ ಮಾಡೆಲ್ಲಿನದು ಈಗ ಎಲ್ಲೂ ಸಿಗುವುದಿಲ್ಲ. ಬಾರಾಮತಿಯಲ್ಲಿ ಒಬ್ಬರು ನನಗಾಗಿ ಮಾಡುತ್ತಿದ್ದಾರೆ. ಕೈಯಿಂದ, ಅರ ಹಿಡಿದು ತಿಕ್ಕಿ ತಿಕ್ಕಿ.

ರವಿವಾರ ಹೋಗುವುದು. ಬುಧವಾರಕ್ಕೂ ರವಿವಾರಕ್ಕೂ ನಡುವೆ ದೇವರು ಇಷ್ಟೊಂದು ದಿನ ಯಾಕೆ ಇಟ್ಟನೋ.

ಜನವರಿ 12, ರವಿವಾರ. ವಾಪಸ್ ಬರುವ ಬಸ್ಸಿನಲ್ಲಿ

ಅಕ್ಷರ ಕುಣಿಯುತ್ತಿವೆ. ಎಸ್‌ಟಿ ಬಸ್ಸಿನ ಡ್ರೈವರನಿಗೆ ಹೊಂಡ ಕಂಡರೆ ಪ್ರೀತಿ.

ಪಾಯಿಂಟ್ ಮಾಡುತ್ತಿರುವವರು ಅವಧೂತ ಹುದ್ದಾರರು. ಮೂಲ ಗೋಕಾಕ. ಸಕ್ಕರೆ ಕಾರ್ಖಾನೆಯ ವರ್ಕ್‌ಶಾಪಿನಲ್ಲಿ ಜೀವನ ಕಳೆದವರು. ಹೆಂಡತಿ ತೀರಿಕೊಂಡಿದ್ದಾರೆ, ಮಕ್ಕಳಿಲ್ಲ. ಹಳೆ ಇಂಜಿನ್‌ಗಳ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲ ಮರಾಠಿ. ನಾನು ಹಾಕಿದ ಫೋಟೋಕ್ಕೆ ಇವರೊಬ್ಬರು ಕನ್ನಡದಲ್ಲಿ ಬರೆದಿದ್ದರು — ಇದರ ಅಣ್ಣ ನನ್ನ ಕಡೆ ಇದ್ದಾನ್ರಿ. ಕನ್ನಡದವಳೆಂದು ಹೇಗೆ ತಿಳಿಯಿತು ಎಂದರೆ, "ನಟ್‌ಬೋಲ್ಟ್ ಹಾಕಿದ ಡಬ್ಬಿ ಮ್ಯಾಲ ಮೆಂತ್ಯ ಅಂತ ಬರದದಲ್ರಿ" ಎಂದಿದ್ದರು.

ಅವರ ಇಂಜಿನ್ನಿನ ಸಿಲಿಂಡರ್ ಸೀಳಿದೆ, ಇನ್ನು ಓಡುವ ಮಾತಿಲ್ಲ. ಅದರ ಕಾರ್ಬ್ಯುರೇಟರಿನ ಫ್ಲೋಟು, ಜೆಟ್ಟು ಬಿಚ್ಚಿ ನನಗೆ ಕೊಟ್ಟರು. ಅದರಲ್ಲೂ ಪಾಯಿಂಟ್ ಮಾತ್ರ ಇರಲಿಲ್ಲ. ಹಳೆ ಸ್ವಿಚ್ಚಿನ ಗಟ್ಟಿ ಪ್ಲಾಸ್ಟಿಕ್ಕು, ಬೇಕೆಲೈಟ್, ಕೊಯ್ದು ಮಾಡುತ್ತೇನೆ ಎಂದು ಕೂತಿದ್ದಾರೆ.

"ಮೂರನೇದೂ ಮುರೀತ್ರಿ," ಎಂದರು ಇವತ್ತು. ಮಗ ಪರೀಕ್ಷೆಯಲ್ಲಿ ಫೇಲಾದ ಮುಖ.

"ಅವಸರ ಇಲ್ರಿ."

"ಸಾಹೇಬ್ರಿಗೂ ಇಲ್ಲೇನು?"

"ಇಷ್ಟು ವರ್ಷ ಕೂತಾನ. ಇನ್ನೊಂದು ತಿಂಗಳು ಕೂತ್ರ ಏನ್ ಗಂಟು ಹೋಗ್ತದ?"

ನಕ್ಕರು. ಅವರ ಕಣ್ಣಿಗೆ ಪೊರೆ ಬಂದಿದೆ. ವರ್ನಿಯರ್ ಗೆರೆ ಕಾಣುವುದಿಲ್ಲ. ನಾನು ಅಳತೆ ಓದುವುದು, ಅವರು ಅರ ಎಳೆಯುವುದು. ಮತ್ತೆ ಓದುವುದು. ಶೆಡ್ಡಿನ ಬಾಗಿಲಲ್ಲಿ ಬಿಸಿಲು ಸರಿದು ಹೋಯಿತು. ಅಂಕಿ ಬಿಟ್ಟರೆ ಬೇರೆ ಮಾತಿಲ್ಲ. ಇಷ್ಟು ಸುಖವಾಗಿ ನಾನು ಯಾರೊಂದಿಗೂ ಮಾತಾಡಿದ ನೆನಪಿಲ್ಲ.

ಬರುವಾಗ ಶೇಂಗಾ ಚಟ್ನಿ ತುಂಬಿ ಸ್ಟೀಲಿನ ಡಬ್ಬಿ ಕೊಟ್ಟರು. ಖಾಲಿ ಡಬ್ಬಿ ತಿರುಗಿ ಕೊಡುವುದು ನಮ್ಮಲ್ಲಿ ಇಲ್ಲ. ಅವರಿಗೂ ಗೊತ್ತು. ಗೊತ್ತಿದ್ದೇ ಕೊಟ್ಟರೋ ಏನೋ — ಸಾಕು, ನೀಲಿಮಾ. ಅರವತ್ತಕ್ಕೆ ಅರಳುಮರಳು ಅನ್ನುತ್ತಾರೆ, ನಿನಗಿನ್ನೂ ಐವತ್ತೊಂಬತ್ತು.

ಜನವರಿ 15, ಬುಧವಾರ

ಹಳೆ ಸಾಮಾನಿನ ಜುನಾ ಬಜಾರಿಗೆ ಹೋದದ್ದು ನಟ್ ಬಿಚ್ಚುವ ಪಾನಾ ಹುಡುಕಲು. ದೇವರಾಣೆ, ಪಾಯಿಂಟ್ ಹುಡುಕಲು ಅಲ್ಲ.

ನೆಲದ ಮೇಲೆ ಚಾದರ ಹಾಸಿ ಹಳೆ ನಲ್ಲಿ, ಕ್ಯಾಮೆರಾ, ಸ್ಕೂಟರಿನ ಕರುಳು ಎಲ್ಲ ಹರವಿದ್ದ ಒಬ್ಬ. ಸಿಗರೇಟಿನ ಡಬ್ಬಿ ತೆರೆದೆ. ಮೇಣದ ಕಾಗದದ ಪೊಟ್ಟಣ. ಬಿಚ್ಚಿದೆ. ಅದೇ. ಯಾರೂ ಮುಟ್ಟದ, ಹಳೆ ಕಾಲದ ಹೊಸ ಪಾಯಿಂಟು.

ಮಧ್ಯಾಹ್ನವೇ ಕೂಡಿಸಿದೆ. ಪ್ಲಗ್ ಹೊರಗೆ ತೆಗೆದು ಇಂಜಿನ್ನಿನ ಮೈಗೆ ತಾಗಿಸಿ ಹಗ್ಗ ಎಳೆದೆ. ನೀಲಿ ಕಿಡಿ. ಚಟ್ ಎಂದಿತು.

ಕುಣಿಯಬೇಕಿತ್ತು. ಹಗ್ಗ ಹಿಡಿದು ಅಲ್ಲೇ ಕೂತೆ. ಇನ್ನು ಬಾರಾಮತಿಗೆ ಏನಂತ ಹೋಗಲಿ?

ಪೆಟ್ರೋಲ್ ಹಾಕಲಿಲ್ಲ. ಮೇಲೆ ಹಳೆ ಕೌದಿ ಹೊದಿಸಿ ಬಂದೆ. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು ಅತ್ತೆ. ಸಂಜೆ ಅವರ ಫೋನ್.

"ನಾಲ್ಕನೇದು ಚಲೋ ಬರ್ಲಿಕ್ಕತ್ತದ್ರಿ. ಈ ಸಲ ಮುರಿಯೂದಿಲ್ಲ ಅನಸ್ತದ."

"ಆಗ್ಲಿರಿ," ಎಂದೆ. "ರವಿವಾರ ಬರ್ತೀನಿ, ಅಳತಿ ಓದ್ಲಿಕ್ಕೆ."

ಸುಳ್ಳೇನೂ ಹೇಳಲಿಲ್ಲ. ಹೇಳಬೇಕಾದ್ದನ್ನು ಹೇಳಲಿಲ್ಲ, ಅಷ್ಟೆ. ಹುಡುಗರು ಲ್ಯಾಬ್ ಜರ್ನಲ್ಲಿನಲ್ಲಿ ಹೀಗೆ ರೀಡಿಂಗ್ ಮುಚ್ಚಿಟ್ಟಿದ್ದರೆ ಪೇಜು ಹರಿದು ಕೈಗೆ ಕೊಡುತ್ತಿದ್ದೆ.

ಜನವರಿ 19, ರವಿವಾರ

ಹೋಗಿ ಬಂದೆ. ಅವರ ಡಬ್ಬಿಯಲ್ಲಿ ಕುಸುರೆಳ್ಳು ತುಂಬಿ ಒಯ್ದಿದ್ದೆ. "ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೂಣ್ರಿ" ಎಂದು ಅವರ ಕೈಗೆ ಹಾಕಿದೆ. ಸಂಕ್ರಮಣದಲ್ಲಿ ಎಲ್ಲರಿಗೂ ಹೇಳುವ ಮಾತು. ನಮ್ಮ ವಾಚ್‌ಮನ್ ಬಾಬುವಿಗೂ ಹೇಳಿದ್ದೆ. ಅಲ್ಲಿ ಮಾತ್ರ ಹೇಳುವಾಗ ಡಬ್ಬಿಯ ಕಡೆ ನೋಡಿದೆ. ಅವರು ಒಂದೊಂದೇ ಕಾಳು ಬಾಯಿಗೆ ಹಾಕಿಕೊಂಡರು, ಮುಗಿದು ಹೋದೀತು ಅನ್ನುವ ಹಾಗೆ.

ಫೆಬ್ರವರಿ 2, ರವಿವಾರ

ರಥಸಪ್ತಮಿವರೆಗೂ ಎಳ್ಳು ಕೊಡಬಹುದು ಎಂದು ಮತ್ತೆ ಎಳ್ಳು ಕಟ್ಟಿಕೊಂಡು ಹೊರಟೆ. ಆರತಿ ಡಬ್ಬಿ ನೋಡಿ, "ಒಬ್ಬರಿಗೇ ಎಷ್ಟು ಸಲ ಎಳ್ಳು ಕೊಡ್ತೀರಿ ಅಕ್ಕಾ" ಎಂದಳು. ಡಬ್ಬಿ ಚೀಲಕ್ಕೆ ಹಾಕಿದೆ. ಕುಂಟುನೆಪಕ್ಕೆ ಊರುಗೋಲು ಬೇಕಾಗುತ್ತದೆ, ನನ್ನ ಹತ್ತಿರ ಅದೂ ಮುಗಿದಿತ್ತು.

ಅವರ ಹೆಬ್ಬೆರಳಿಗೆ ಪಟ್ಟಿ. ಅರ ಜಾರಿದೆ. ಡಾಕ್ಟರು ಕಣ್ಣಿನ ಆಪರೇಷನ್‌ಗೆ ತಾರೀಖು ಕೊಟ್ಟಿದ್ದರಂತೆ. ಮುಂದೂಡಿದ್ದಾರೆ.

"ಯಾಕ್ರಿ?"

"ಆಪರೇಷನ್ ಆದ್ರ ಒಂದಷ್ಟು ದಿನ ಸಣ್ಣ ಕೆಲಸ ಮಾಡಬಾರದಂತ. ನಿಮ್ಮ ಪಾಯಿಂಟ್ ಮುಗೀಲಿ. ಆಮ್ಯಾಲೆ ನೋಡೂಣು."

ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ. "ಚಾ ಮಾಡ್ಲೇನ್ರಿ" ಎಂದು ಬಂತು. ಒಲೆಯ ಮುಂದೆ ನಿಂತು ನನ್ನನ್ನು ನಾನೇ ಬೈದುಕೊಂಡೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುವುದು ಇದಕ್ಕೇ. ಚಹಾಕ್ಕೆ ಸಕ್ಕರೆ ಎರಡು ಸಲ ಬಿತ್ತು. ಅವರು ಪೂರ್ತಿ ಕುಡಿದರು.

ಮದುವೆ ಅನ್ನುವುದೊಂದು ಆಗಲಿಲ್ಲ ಎಂದು ನಾನು ಎಂದೂ ಕೊರಗಿದವಳಲ್ಲ. ಸಂಬಳ ಇತ್ತು, ಲ್ಯಾಬು ಇತ್ತು. ಆದರೆ ಈಗ ಆ ಶೆಡ್ಡು ಬೇಕು ಅನಿಸುತ್ತದೆ. ಆ ಮಂಜುಗಣ್ಣಿನ ಮನುಷ್ಯ ತಲೆ ಎತ್ತದೆ "ಎಷ್ಟಾತ್ರಿ" ಎಂದು ಕೇಳುವುದು ಬೇಕು. ಅವರು ಬೇಕು. ಬರೆದುಬಿಟ್ಟೆ. ನಾಳೆ ಫೋನ್ ಮಾಡಿ ನಿಜ ಹೇಳುವುದು, ಆಪರೇಷನ್ ಮಾಡಿಸಿಕೊಳ್ಳಿ ಅನ್ನುವುದು. ನಾಳೆ ಖಂಡಿತ.

ಫೆಬ್ರವರಿ 9, ರವಿವಾರ

ಹೇಳಿರಲಿಲ್ಲ.

ತರಕಾರಿ ತೆಗೆದುಕೊಂಡು ಹನ್ನೊಂದಕ್ಕೆ ಬಂದೆ. ಗೇಟಿನಲ್ಲಿ ಬಾಬು, "ಮೇಡಂ, ಬಾರಾಮತಿಯಿಂದ ಒಬ್ರು ಕಾಕಾ ಬಂದಾರ್ರಿ. ಇಂಜಿನ್ ಬಾಜೂಕ ಕುಂತಾರ" ಎಂದ. ಓಡಿದೆ. ಮೊದಲು ಬಂದದ್ದು ಸಂತೋಷವೇ, ಅದನ್ನು ಬರೆದಿಡಬೇಕು. ಆಮೇಲೆ ಕೌದಿ ಕಂಡಿತು. ಮಡಚಿ ಪಕ್ಕಕ್ಕಿಟ್ಟಿದ್ದರು. ಮ್ಯಾಗ್ನೆಟೊ ಮುಚ್ಚಳ ಬಿಚ್ಚಿತ್ತು.

ನನಗೆ ಸರ್‌ಪ್ರೈಸ್ ಎಂದು ತಾವೇ ಕೂಡಿಸಲು ಬಂದಿದ್ದರು. ಕೈಯಲ್ಲಿ ಅವರು ಮಾಡಿದ ಪಾಯಿಂಟು — ಸಣ್ಣ ಕಾಗದದಲ್ಲಿ. ಒಳಗೆ ಆಗಲೇ ಒಂದು ಕೂತಿದೆ, ಹೊಳೆಯುತ್ತಿದೆ.

"ಯಾವಾಗ ಸಿಕ್ತ್ರಿ?"

"ಸಂಕ್ರಮಣದ ಮರುದಿನ."

"ಅಂದ್ರ ನಾಲ್ಕನೇದು ಮಾಡೂಮುಂದ ನಿಮ್ಮ ಕಡೆ ಇದು ಇತ್ತು."

"ಹೂಂ."

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನಾನೂ ಜಗಳ ತೆಗೆದು ಬಚಾವಾಗುತ್ತಿದ್ದೆ. "ಮುದುಕ ಕುಂತು ತಿಕ್ಕತಾನ, ತಿಕ್ಕಲಿ, ನೋಡೂಣಂತ ಸುಮ್ಮನಿದ್ರೇನ್ರಿ" ಎಂದು ಕೇಳಿದರು. ಮೆಲ್ಲಗೆ. ಇಲ್ಲ ಅನ್ನುವ ಒಂದು ಶಬ್ದ ಸಾಕಿತ್ತು. ಮೂವತ್ತು ವರ್ಷ ಕ್ಲಾಸು ನಡುಗಿಸಿದ ಗಂಟಲು, ಬರಲಿಲ್ಲ.

"ಚಾ ತಗೋರಿ," ಎಂದೆ.

"ಬಸ್ಸಿನ ವ್ಯಾಳ್ಯಾ ಆತು."

ಕಾಗದದ ಪೊಟ್ಟಣವನ್ನು ಇಂಜಿನ್ ಮೇಲಿಟ್ಟು ಹೋದರು. ನಮ್ಮ ಮನೆಗೆ ಮೊದಲ ಸಲ ಬಂದವರು, ಒಂದು ಗುಟುಕು ನೀರೂ ಕುಡಿಯದೆ.

ಫೆಬ್ರವರಿ 11

ಅವರು ಫೋನ್ ಎತ್ತಲಿಲ್ಲ.

ಫೆಬ್ರವರಿ 23, ರವಿವಾರ

ಎತ್ತುವುದಿಲ್ಲ. ಬೆಳಿಗ್ಗೆ ಸ್ವಾರ್ಗೇಟ್ ಬಸ್ ನಿಲ್ದಾಣಕ್ಕೆ ಹೋಗಿ ಬಾರಾಮತಿ ಬಸ್ಸಿನಲ್ಲಿ ಕೂತೆ. ಕಂಡಕ್ಟರ್ ಬಂದ. ಇಳಿದು ಮನೆಗೆ ಬಂದೆ. ಎದುರಿಗೆ ನಿಂತು ಏನು ಹೇಳಲಿ?

ಅವರು ಕೊಟ್ಟ ಶೇಂಗಾ ಚಟ್ನಿ ಸ್ವಲ್ಪ ಉಳಿದಿದೆ, ತಟ್ಟೆಗೆ ಹಾಕಿಕೊಂಡು ಮತ್ತೆ ಭರಣಿಗೆ ಸುರಿದೆ. ಎಸೆಯುವುದಕ್ಕೂ ಮನಸ್ಸಿಲ್ಲ.

ಮಾರ್ಚ್ 5, ಬುಧವಾರ

ಬಜಾರಿನ ಪಾಯಿಂಟ್ ಕಿತ್ತು ಮನೆಯೊಳಗಿಟ್ಟೆ. ಅವರದನ್ನು ಕೂಡಿಸಿದೆ. ಭೂತಗನ್ನಡಿ ಹಿಡಿದು ನೋಡಿದೆ — ಬೇಕೆಲೈಟಿನ ಅಂಚಿನಲ್ಲಿ ಅರದ ಗೆರೆ, ಒಂದರ ಪಕ್ಕ ಒಂದು. ಕಣ್ಣು ಕಾಣದ ಮನುಷ್ಯ ಬೆರಳಿನಿಂದ ತಡವಿ ತಡವಿ ಎಳೆದವು. ಎಷ್ಟು ಹೊತ್ತು ನೋಡಿದೆನೋ.

ಮೆಸೇಜು ಹಾಕಿದೆ. "ನಿಮ್ಮದನ್ನೇ ಹಾಕಿದ್ದೇನೆ. ಪಾಯಿಂಟಿನ ಗ್ಯಾಪ್ ಸೆಟ್ ಮಾಡಲು ನನಗೆ ಬರುತ್ತಿಲ್ಲ. ಬಂದು ಹೋಗಬೇಕು."

ತಾಸಿನ ಮೇಲೆ ಉತ್ತರ. "ಗ್ಯಾಪ್ ಸೆಟ್ ಮಾಡಾಕ ಬರದವರು ಮೂವತ್ತು ವರ್ಷ ಏನ್ ಕಲಿಸಿದ್ರಿ?"

ಇನ್ನೊಂದು ತಾಸಿನ ಮೇಲೆ. "ರವಿವಾರ."

ಮಾರ್ಚ್ 9, ರವಿವಾರ. ಸಂಜೆ

ಬಂದರು. ಕಪ್ಪು ಕನ್ನಡಕ.

"ಯಾವಾಗ ಆತ್ರಿ ಆಪರೇಷನ್?"

"ಆತು, ಹದಿನೈದು ದಿನದ ಮ್ಯಾಲಾತು. ಎಡಗಣ್ಣು."

"ಜೋಡಿ ಯಾರಿದ್ರು?"

"ರಿಕ್ಷಾದಾಂವ ಇದ್ದ."

ಅಲ್ಲೇ ಕೂತು ಅಳಬೇಕು ಅನಿಸಿತು. ನಾನು ಇಲ್ಲಿ ಬಸ್ಸು ಹತ್ತಿ ಇಳಿಯುವ ಆಟ ಆಡುತ್ತಿದ್ದೆ.

ಅವರು ಮುಚ್ಚಳ ತೆಗೆದು ಗ್ಯಾಪ್ ನೋಡಿದರು. ಸರಿಯಾಗೇ ಇತ್ತು, ಮುಚ್ಚಳ ಹಾಕಿದರು. ಪೆಟ್ರೋಲ್ ಹಾಕಿದೆ. ಹಗ್ಗ ಸುತ್ತಿ ಎಳೆದೆ. ಎರಡು ಸಲ ಕೆಮ್ಮಿತು. ಮೂರನೆಯದಕ್ಕೆ ಸಾಹೇಬ ಎದ್ದ.

ಏನು ಸದ್ದು ಅದು. ಪಾರ್ಕಿಂಗ್ ಪೂರ್ತಿ ಹೊಗೆ. ಸೊಸೈಟಿಯ ಸೆಕ್ರೆಟರಿ ಬಾಲ್ಕನಿಗೆ ಬಂದು "ಮ್ಯಾಡಂ, ಹೇ ಪಾರ್ಕಿಂಗ್ ಆಹೇ, ಗ್ಯಾರೇಜ್ ನಾಹೀ" ಅಂದಿರಬೇಕು, ಬಾಯಿ ಆಡುವುದಷ್ಟೇ ಕಂಡಿತು. ಅವಧೂತರೂ ಏನೋ ಹೇಳಿದರು, ಕಿವಿಗೆ ಬೀಳಲಿಲ್ಲ. ಅದರಿಂದಲೇ ಧೈರ್ಯ ಬಂತು. ಇಷ್ಟು ಸದ್ದಿನಲ್ಲಿ ಯಾರಿಗೆ ಏನು ಕೇಳುತ್ತದೆ. ಇಂಜಿನ್ ಕಡೆ ಮುಖ ಮಾಡಿ, ಪ್ರಾಕ್ಟಿಕಲ್ಲಿನ ದನಿ ತೆಗೆದು, ಎಲ್ಲ ಹೇಳಿದೆ. "ನಿಮ್ಮನ್ನ ನೋಡಿ ನಗಲಿಲ್ರಿ ನಾನು. ಅದು ಸಿಕ್ಕ ದಿನ ಅತ್ತೀನಿ. ಪಾಯಿಂಟ್ ಸಿಕ್ಕ್ರ ನಾ ನಿಮ್ಮ ಮನಿಗೆ ಬರೂದು ನಿಲ್ತದ. ಇದು ಓಡಿದ್ರ ಓಡ್ಲಿ, ಬಿಟ್ರ ಬಿಡ್ಲಿ, ನನಗ ಇಂಜಿನ್ ಬ್ಯಾಡ್ರಿ, ನನಗ—"

ಇಂಜಿನ್ ನಿಂತಿತು. ನಾಲಿಗೆ ನಿಲ್ಲಲಿಲ್ಲ.

"ನೀವು ಬೇಕು."

ಅಷ್ಟೂ ದನಿಯಲ್ಲಿ. ಪಾರ್ಕಿಂಗಿನ ಕಂಬಕಂಬಕ್ಕೂ ಬಡಿದು ತಿರುಗಿ ಬಂತು. ಕಾರು ತೊಳೆಯುತ್ತಿದ್ದ ಬಾಬು ಪೈಪು ಹಿಡಿದು ನಿಂತ, ನೀರು ಅವನ ಚಪ್ಪಲಿಯ ಮೇಲೇ ಹರಿಯಿತು. ಮೆಟ್ಟಿಲ ಮೇಲೆ ಆರತಿ, ಚಹಾದ ಟ್ರೇ. ಬಾಯಿ ಬಿಟ್ಟರೆ ಬಣ್ಣಗೇಡು ಅಂದರೆ ಇದೇ. ಭೂಮಿ ಬಿರಿಯಲಿಲ್ಲ, ಸಿಮೆಂಟಿನದು.

"ಮೇಡಂ, ನಾ ಏನೂ ಕೇಳಿಲ್ರಿ," ಎಂದ ಬಾಬು.

ಅವಧೂತರು ತಲೆ ಎತ್ತಲಿಲ್ಲ. ಮುಚ್ಚಳ ತೆಗೆದರು. ಒಳಗೆ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು, ಕನ್ನಡಕವನ್ನಲ್ಲ.

"ಬೇಕೆಲೈಟ್ ಸವದದ್ರಿ. ಗ್ಯಾಪ್ ಮುಚ್ಕೊಂಡದ."

"ಆ ಇನ್ನೊಂದು ಮನ್ಯಾಗ ಅದ. ತರ್ಲೇನ್ರಿ?"

"ಇರ್ಲಿ ಬಿಡ್ರಿ ಅದು ಅಲ್ಲೆ. ನಾ ಇನ್ನೊಂದು ಮಾಡ್ತೀನಿ."

"ಎಷ್ಟು ದಿನ ಹಿಡೀತದ್ರಿ?"

"ಬಲಗಣ್ಣಿಂದು ಇನ್ನೂ ಬಾಕಿ ಅದ. ಅದು ಆಗ್ಬೇಕು, ಆಮ್ಯಾಲೆ ಕೈ ಕೂಡ್ಬೇಕು..." ಕೈ ಒರೆಸಿಕೊಂಡರು. "ಭಾಳ ಹಿಡೀತದ್ರಿ."

"ಹಿಡೀಲಿ," ಎಂದೆ.

ಚಹಾ ಕುಡಿದು ಹೋದರು.

ಮಾರ್ಚ್ 16, ರವಿವಾರ. ಬೆಳಿಗ್ಗೆ

ವಾರವಿಡೀ ಫೋನಿಲ್ಲ. ನಿನ್ನೆ ಒಂದು ಮೆಸೇಜು ಮಾತ್ರ: "ನಾಳೆ ಬರ್ತೀನಿ." ಏನಂತ ಬರುತ್ತಾರೆ, ಬರೆದಿಲ್ಲ. ಅವರು ಆಡಿದ್ದು ಬರೀ ಬೇಕೆಲೈಟಿನ ಮಾತೇ ಆಗಿದ್ದರೆ? ನಾನೊಬ್ಬಳೇ ಅರ್ಥ ಕಟ್ಟಿಕೊಂಡು ಕೂತಿದ್ದರೆ? ಹೋಳಿಗೆಯ ಹೂರಣ ರುಬ್ಬಿಯಾಗಿದೆ. ಹೆಚ್ಚಾಯಿತೇನೋ. ಹಬ್ಬವೂ ಅಲ್ಲ ಏನೂ ಅಲ್ಲ. ಸೀರೆ ಎರಡು ಸಲ ಬದಲಿಸಿದೆ, ಕೊನೆಗೆ ಮೊದಲು ಉಟ್ಟದ್ದನ್ನೇ ಉಟ್ಟೆ.

ಬಸ್ಸು ಬಂದಿರಬೇಕು. ಬಾರದೆಯೂ ಇರಬಹುದು. ಅದಕ್ಕೇ ಬರೆಯುತ್ತ ಕೂತಿದ್ದೇನೆ, ಇಲ್ಲದಿದ್ದರೆ ಗೇಟಿಗೆ ಹೋಗಿ ನಿಂತೇನು.

ಗೇಟು ಕಿರ್ ಎಂದಿತು. ಬಾಬು ಯಾರಿಗೋ ಬರ್ರಿ ಅನ್ನುತ್ತಿದ್ದಾನೆ. ಆರತಿ ಕೆಳಗಿಂದ ಕೂಗುತ್ತಿದ್ದಾಳೆ — "ನೀಲಕ್ಕಾ, ನಿಮ್ಮ..." ಅಷ್ಟಕ್ಕೇ ನಿಂತಳು. ಅವರನ್ನು ನನ್ನ ಏನೆಂದು ಕರೆಯಬೇಕೋ ಅವಳಿಗೆ ಗೊತ್ತಾಗಲಿಲ್ಲ. ನನಗೂ—