ಮಾವನ ಮೂರು ಕೂಗು

ಫೆಬ್ರವರಿ 6, ಮಂಗಳವಾರ. ಮಧ್ಯಾಹ್ನ 3

ಬೆಳಿಗ್ಗೆಯಿಂದ ಊರ ಹುಡುಗರ ಸ್ಕಾಲರ್‌ಶಿಪ್ ಫಾರ್ಮ್ ಹನ್ನೊಂದು ತುಂಬಿದೆ. ಸರ್ವರ್ ಎರಡು ಸಲ ಮಲಗಿತು. ಸಿಕ್ಕ ಬಿಡುವಿನಲ್ಲಿ ಮಾವನನ್ನು ಕಂಪ್ಯೂಟರ್ ಮುಂದೆ ಕೂರಿಸಿದೆ. ಕಿಟಕಿಗೆ ಕಂಬಳಿ, ಫ್ಯಾನ್ ಬಂದ್.

ಹದಿನಾಲ್ಕಕ್ಕೆ ಮಾವನನ್ನು ದಾವಣಗೆರೆ ಆಸ್ಪತ್ರೆಗೆ ಸೇರಿಸಬೇಕು. ಗಂಟಲಿನ ಗಂಟಿನ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯುತ್ತಾರೆ. ಆಮೇಲೆ ಮಾತಿಲ್ಲ. ಡಾಕ್ಟರ್ ಹೇಳಿದಾಗ ಮಾವ ಕೇಳಿದ್ದು ಒಂದೇ — "ಹಂಗಾದ್ರ ಕುರಿ ಕರಿಯೋರು ಯಾರ್ರಿ?"

ಗಂಡ ಓಬಳೇಶ್ ಕರೆದರೆ ಅವು ಬರುವುದಿಲ್ಲ. ಕಟ್ಟಿಕೊಂಡ ನಾನೇ ಎರಡನೇ ಸಲಕ್ಕೆ ಓಗೊಡುವುದು, ಇನ್ನು ಕುರಿ! ಗಂಡನದು ಒಂದೇ ಪಟ್ಟು. "ಎಂಬತ್ತೂ ಮಾರಿಬಿಡೋಣು. ದನಿ ಇಲ್ಲದೋನ ಕೈಯಾಗ ಹಿಂಡು ನಿಲ್ಲಂಗಿಲ್ಲ." ಮಾವ ಕೇಳಿಸಿಕೊಂಡರು. ಊಟ ಬಿಟ್ಟು ಎದ್ದರು.

ಅದಕ್ಕೇ ಈ ಉಪಾಯ. ಕೂಗು ರೆಕಾರ್ಡ್ ಮಾಡುವುದು, ಮಾವನ ಕೊರಳಿಗೆ ಸ್ಪೀಕರ್ ಹಾಕುವುದು, ಬಟನ್ ಒತ್ತುವುದು. ಓಬಳೇಶ್ ನಕ್ಕ. "ಕೋಣನ ಮುಂದ ಕಿನ್ನರಿ ಕೇಳಿದ್ದೆ. ಕುರಿ ಮುಂದ ಎಂಪಿತ್ರೀ ಈಗ ಕೇಳಾಕತ್ತೀನಿ."

ಮೂರು ಕೂಗು ಬೇಕು — ನೀರಿಗೆ, ಮನೆಗೆ, ತೋಳ ಬಂದರೆ. ಕುರ್ಚಿಯಲ್ಲಿ ಕೂತು ಕೂಗಲು ಮಾವನಿಗೆ ನಾಚಿಕೆ. ಮೈಕ್‌ಗೆ "ನಮಸ್ಕಾರ್ರಿ" ಅಂದರು. ಇವತ್ತಿಗೆ ಅಷ್ಟೇ.

ಫೆಬ್ರವರಿ 9, ಶುಕ್ರವಾರ

ಆಯಿತು! ನಿಂತು ಕೂಗಿದರೆ ಮಾತ್ರ ದನಿ ಏಳುತ್ತದಂತೆ. ಮೈಕ್‌ನ ವೈರನ್ನು ಕಿಟಕಿಯಿಂದ ಅಂಗಳಕ್ಕೆ ಎಳೆದೆ. ಮೂರೂ ಸಿಕ್ಕವು. ವೇವ್ ಫೈಲ್ ಆ ಬಡ ಸ್ಪೀಕರ್‌ನಲ್ಲಿ ಓಡಲಿಲ್ಲ, ಎಂಪಿತ್ರೀಗೆ ಕನ್ವರ್ಟ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿದೆ.

ಸಂಜೆ ಹಿನ್ನೀರಿನ ದಂಡೆಗೆ ಹೋದೆವು. ಮಾವ ಜಾಲಿಗಿಡದ ಮರೆಗೆ ನಿಂತರು. ನಾನು ಬಟನ್ ಒತ್ತಿದೆ. ಅಷ್ಟೂ ಕುರಿ ತಲೆ ಎತ್ತಿದವು... ಬಂದವು. ಮಾವ ಮೊದಲು ನಕ್ಕರು, ಆಮೇಲೆ ಟವಲ್‌ನಿಂದ ಕಣ್ಣು ಒರೆಸಿಕೊಂಡರು. "ನಾ ಇಲ್ಲಿ ಅದೀನಿ, ಅವು ಅಲ್ಲಿ ಹೊಂಟಾವ ನೋಡವ್ವ ರೇಣುಕಾ."

ಓಬಳೇಶ್ ಸ್ವಲ್ಪ ಬಗ್ಗಿದ್ದಾನೆ. ಚಿಗಟೇರಿಯ ಪಾಲಣ್ಣ ಕುರಿ ಕೊಳ್ಳಲು ಬರುವುದು ಮಾರ್ಚ್ ಏಳಕ್ಕೆ. "ಅಷ್ಟರಾಗ ಅಪ್ಪ ಬಂದು ಸ್ಪೀಕರ್‌ನ್ಯಾಗ ಮೇಯಿಸಿ ತೋರಿಸ್ಲಿ. ಹಿಂಡು ಇಟ್ಕೊಳ್ಳೋಣು."

ಫೆಬ್ರವರಿ 12, ಸೋಮವಾರ

ಎರಡು ದಿನ ಹೆಡ್‌ಫೋನ್ ಕಿವಿಯಿಂದ ಇಳಿದಿಲ್ಲ. ಆರು ತಿಂಗಳಿಂದ ಮಾವನ ದನಿ ಒಡೆದಿದೆ. ಕೂಗಿನ ತುಂಬಾ ಖರಖರ, ನಡುವೆ ಉಸಿರು ಕಡಿಯುತ್ತದೆ. ಕೇಳಲಾಗುವುದಿಲ್ಲ. ಉಳಿಯುವುದು ಇದೊಂದೇ ದನಿ — ಅದೂ ಕಾಯಿಲೆಯದೇ ಆಗಬೇಕೇ?

ಸಾಫ್ಟ್‌ವೇರ್‌ನಲ್ಲಿ ನಾಯ್ಸ್ ತೆಗೆಯುವ ಒಂದು ಸೌಲಭ್ಯ ಇದೆ. ಯಾವುದು ಗಲೀಜು ಎಂದು ತೋರಿಸಿದರೆ ಎಲ್ಲ ಕಡೆಯಿಂದ ಗುಡಿಸಿಬಿಡುತ್ತದೆ. ಖರಖರವನ್ನು ತೋರಿಸಿದೆ. ಒಂದೊಂದು ಕೂಗನ್ನೂ ನೂರು ಸಲ ಕೇಳಿದೆ, ಕತ್ತರಿಸಿದೆ, ಜೋಡಿಸಿದೆ. ಈಗ ನಾನು ಮದುವೆಯಾಗಿ ಬಂದಾಗಿನ ದನಿ ಆಗಿದೆ. ಪೆನ್‌ಡ್ರೈವ್‌ನಲ್ಲಿ ಹಳೆಯದನ್ನು ತೆಗೆದು ಅದನ್ನೇ ಹಾಕಿದೆ. ಕಂಪ್ಯೂಟರ್ ಡಿಸ್ಕೂ ತುಂಬಿತ್ತು, ಅಲ್ಲಿನ ಹಳೆಯವನ್ನೂ ಅಳಿಸಿದೆ. ರೀಸೈಕಲ್ ಬಿನ್ನೂ ಖಾಲಿ.

ಮಾವನಿಗೆ ಕೇಳಿಸಿದೆ. "ಭಾಳ ಚೊಲೋ ಐತವ್ವ. ಯಾರ ದನಿ?"

ಚೇಷ್ಟೆ! ನಕ್ಕೆ.

ಫೆಬ್ರವರಿ 13

ಬ್ಯಾಗ್ ಆಯಿತು. ರಿಪೋರ್ಟು, ಆಧಾರ್, ಎರಡು ಪಂಚೆ. ಮಾವ ಹಟ್ಟಿಗೆ ಹೋಗಿ ಒಂದೊಂದು ಕುರಿಯ ಕಿವಿ ಹಿಡಿದು ಏನೇನೋ ಹೇಳುತ್ತಿದ್ದರು. ಒಂದು ತಾಸು. ಅದನ್ನು ರೆಕಾರ್ಡ್ ಮಾಡಲಿಲ್ಲ. ಹೊಳೆಯಲೇ ಇಲ್ಲ.

ಮಾರ್ಚ್ 3, ಭಾನುವಾರ

ನಿನ್ನೆ ಕರೆತಂದೆವು. ಕೊರಳಲ್ಲಿ ತೂತು, ಮೇಲೆ ಬಿಳಿ ಬಟ್ಟೆ. ಜೀವ ಉಳಿಯಿತು, ಸಾಕು. ಹಾಗೆಂದುಕೊಂಡಿದ್ದೆ.

ಇವತ್ತು ಹಟ ಹಿಡಿದು ದಂಡೆಗೆ ಬಂದರು. ಕೊರಳಿಗೆ ಸ್ಪೀಕರ್ ಹಾಕಿಕೊಂಡರೆ ಗಾಯಕ್ಕೆ ತಾಗುತ್ತದೆ, ಕೈಯಲ್ಲೇ ಹಿಡಿದರು. ಒತ್ತಿದರು. ಒಂದೂ ತಲೆ ಎತ್ತಲಿಲ್ಲ. ವಾಲ್ಯೂಮ್ ಏರಿಸಿದೆ. ಮರಿಗಳು ಬೆದರಿ ಓಡಿದವು. ಮತ್ತೆ ಒತ್ತಿದರು, ಮತ್ತೆ... ನನ್ನ ಕಡೆ ನೋಡಲಿಲ್ಲ.

ಕುರಿಗೆ ಗೊತ್ತಿದ್ದದ್ದೇ ಆ ಖರಖರ. ಆರು ತಿಂಗಳಿಂದ ಅವು ಬರುತ್ತಿದ್ದದ್ದು ಅದಕ್ಕೇ. ನಾನು ಅದನ್ನೇ ಗುಡಿಸಿಹಾಕಿದ್ದೇನೆ.

ಅಳಿಸಿದ್ದನ್ನು ವಾಪಸ್ ತರುವ ರಿಕವರಿ ಸಾಫ್ಟ್‌ವೇರ್ ಮೂರು ಓಡಿಸಿದೆ. ಫೈಲ್ ಹೆಸರು ಬರುತ್ತದೆ, ಒಳಗೆ ಶಬ್ದವಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ. ಬಂದ ದನಿ ಬಂದ ಹಾಗೆ ಇರಲಿ ಎನ್ನುವ ಬುದ್ಧಿ ಏಕೆ ಬರಲಿಲ್ಲ ನನಗೆ?

ಮಾರ್ಚ್ 4

ಮಾವನಿಗೆ ಎಲ್ಲ ಹೇಳಿದೆ. ಅತ್ತುಬಿಟ್ಟೆ. ಅವರು ತಲೆ ಸವರಿದರು. ಬೈದಿದ್ದರೆ ಚೆನ್ನಾಗಿತ್ತು. ಬೈಯಲು ದನಿ ಎಲ್ಲಿದೆ.

ಓಬಳೇಶ್ ಪಾಲಣ್ಣನಿಗೆ ಫೋನ್ ಮಾಡಿದ. ಗುರುವಾರ ಬಂದು ಹೊಡೆದುಕೊಂಡು ಹೋಗು ಅಂದ.

ಮಾರ್ಚ್ 6, ಬುಧವಾರ. ಮಧ್ಯಾಹ್ನ

ಈಗಲೇ ಬರೆಯುತ್ತೇನೆ.

ಬುತ್ತಿ ತೆಗೆದುಕೊಂಡು ದಂಡೆಗೆ ಹೋದೆ. ಹಿಂಡು ಯಾರದೋ ಜೋಳದ ಹೊಲದ ಕಡೆ ಹರಡಿತ್ತು. ಓಬಳೇಶ್ ಒದರಿ ಒದರಿ ಸುಸ್ತಾಗಿದ್ದ. ಮಾವ ಕೋಲು ಊರಿ ನಿಂತಿದ್ದರು, ಬಾಯಿ ತೆರೆದಿತ್ತು. ಕೂಗುತ್ತಿದ್ದರು. ಗಾಳಿ ಮಾತ್ರ ಬರುತ್ತಿತ್ತು, ಅದೂ ಕೊರಳ ತೂತಿನಿಂದ.

ನೋಡಲಾಗಲಿಲ್ಲ. ನಾನು ಕೂಗಿದೆ.

ಏಳು ವರ್ಷದಲ್ಲಿ ಮಾವನ ಎದುರು ದನಿ ಎತ್ತಿದವಳಲ್ಲ. ಮೊದಲ ಸಲ ಬೆಕ್ಕು ಕೂಗಿದ ಹಾಗಾಯಿತು. ಓಬಳೇಶ್ ಬಾಯಿ ಬಿಟ್ಟು ನೋಡಿದ. ಎರಡನೇ ಸಲ ಕಣ್ಣು ಮುಚ್ಚಿಕೊಂಡೆ. ಎಲ್ಲಿ ಉಸಿರು ಕಡಿಯುತ್ತದೆ, ಎಲ್ಲಿ ಖರಖರ ಏಳುತ್ತದೆ — ಎಲ್ಲ ಗೊತ್ತಿತ್ತು. ಅಳಿಸಲೆಂದೇ ನೂರು ಸಲ ಕೇಳಿದ್ದೆನಲ್ಲ. ಮೂರನೇ ಸಲ ಗಂಟಲು ಹರಿಯಿತು.

ಮುದಿ ಕುರಿಯೊಂದು ತಲೆ ಎತ್ತಿತು. ನಿಂತು ಕಿವಿ ಆಡಿಸಿತು. ಬಂತು. ಅದರ ಹಿಂದೆ ಇನ್ನೊಂದು. ಆಮೇಲೆ ಧೂಳೇ ಧೂಳು.

ಮಾವ ನನ್ನ ಹತ್ತಿರ ಬಂದರು. ಹೊಗಳುತ್ತಾರೆ ಎಂದುಕೊಂಡರೆ ತಲೆ ಅಡ್ಡಡ್ಡ ಆಡಿಸಿದರು. ಕೋಲಿನಿಂದ ಮಣ್ಣಲ್ಲಿ ಒಂದು ಗೆರೆ ಎಳೆದರು, ಗಿಡ್ಡದು. ನನ್ನ ಕಡೆ ಬೆರಳು. ಪಕ್ಕದಲ್ಲಿ ಇನ್ನೊಂದು, ಒಂದು ಮಾರು ಉದ್ದ. ತಮ್ಮ ಎದೆ ಮುಟ್ಟಿಕೊಂಡರು. ಕೂಗಿನ ಕೊನೆಯ ಎಳೆತ ಅಷ್ಟು ಉದ್ದ ಬೇಕಂತೆ.

ಮಾರ್ಚ್ 7, ಗುರುವಾರ. ಬೆಳಿಗ್ಗೆ 7

ಪಾಲಣ್ಣ ಗಾಡಿ ತಂದಿದ್ದಾನೆ. ಜಗಲಿಯಲ್ಲಿ ಚಹಾ. "ಎಲ್ಲಿ ಹೊಡಿರಿ ಕುರಿ," ಅಂತ ಎರಡು ಸಲ ಆಯಿತು.

ಓಬಳೇಶ್ ಲೋಟ ತಿರುಗಿಸುತ್ತಾ ಕೂತಿದ್ದ. ಈಗ ಹೇಳಿದ. "ತಪ್ಪು ತಿಳ್ಕಬ್ಯಾಡಣ್ಣ. ಕುರಿ ಕೊಡಂಗಿಲ್ಲ. ಕರಿಯೋರು ಅದಾರ ನಮ್ಮನ್ಯಾಗ."

ಒಳಗೆ ಕೂತು ಕೇಳಿಸಿಕೊಂಡೆ. ಅತ್ತೆ ಪಕ್ಕೀರಮ್ಮ ಬೆಲ್ಲ, ಬಿಸಿನೀರು ತಂದು ಕಂಪ್ಯೂಟರ್ ಪಕ್ಕ ಇಟ್ಟು ಹೋದರು. ಮಾವ ಆಗಲೇ ಕಂಬಳಿ ಹೊದ್ದು ಬಾಗಿಲಲ್ಲಿ ಕೋಲು ಕುಟ್ಟುತ್ತಿದ್ದಾರೆ. ಫಾರ್ಮ್‌ಗಳು ಇರಲಿ, ಸಂಜೆ ನೋಡಿದರಾಯಿತು. ಗಂಟಲು ಉರಿಯುತ್ತಿದೆ, ಮಾತಾಡಿದರೆ ನನ್ನದೂ ಖರ —

ಬಂದೆ ಮಾವ, ಬಂ