ಮುಚ್ಚಳ ತೆಗೆದ ಮೇಲೆ

ಕುಕ್ಕರ್ ಮಾವನಿಗೆ,

ಹೇಗಿದ್ದೀರಿ ಎಂದು ಕೇಳುವ ಮುಖ ನನಗಿಲ್ಲ, ಹಾಗಾಗಿ ಕೇಳುತ್ತಿಲ್ಲ. ಕಳೆದ ಭಾನುವಾರ ನಿಮ್ಮ ಮನೆಯ ಬಾಗಿಲವರೆಗೆ ಬಂದಿದ್ದೆ. ಅತ್ತೆ ಅರ್ಧ ಬಾಗಿಲು ತೆರೆದು "ಅವ್ರು ಮಲಗಿದಾರೆ" ಅಂದರು. ಒಳಗೆ ನಿಮ್ಮ ಕೆಮ್ಮು ಕೇಳಿಸುತ್ತಿತ್ತು. ನಾನು ಕದಲದೆ ನಿಂತಿದ್ದು ನೋಡಿ, ನನ್ನ ಮುಖ ಬಿಟ್ಟು ಚಪ್ಪಲಿಯನ್ನು ನೋಡುತ್ತ, "ಇಪ್ಪತ್ತಾರು ವರ್ಷ ಅಲ್ಲಿ ನೀರು ಕಾಯ್ಸಿದ್ರಮ್ಮ. ಕೊನೇಗೆ ನೀರು ಕಾಯ್ಸೋಕೂ ಬರಲ್ಲ ಅನ್ನಿಸ್ಕೊಂಡು ಬಂದ್ರು" ಅಂದರು. ಈಗ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಹಬೆಯ ಯಂತ್ರದ ಮುಂದೆ ನಿಲ್ಲುತ್ತೀರಂತೆ.

ಎದುರಿಗೆ ಹೇಳಬೇಕಿದ್ದನ್ನು ಬರೆಯುತ್ತಿದ್ದೇನೆ. ನನ್ನ ಕನ್ನಡ ನಿಮಗೆ ಗೊತ್ತೇ ಇದೆ. ಆರನೇ ವಯಸ್ಸಿನಿಂದ ಹಾಸ್ಟೆಲ್. ಅರ್ಧ ಇಂಗ್ಲಿಷ್, ಅರ್ಧ ಹೆದರಿಕೆ. ಕ್ಷಮೆ ಕೇಳುವುದಂತೂ ಇಂಗ್ಲಿಷಿನಲ್ಲಷ್ಟೇ ಬರುತ್ತದೆ, ಅದೂ ಬಸ್ಸಿನಲ್ಲಿ ಯಾರದೋ ಕಾಲು ತುಳಿದಾಗ ಹೇಳುವ ಸಾರಿ. ಅದನ್ನು ನಿಮಗೆ ಹೇಳಲಾರೆ.

ಲ್ಯಾಬಿಗೆ ಸೇರಿದ ಮೊದಲ ದಿನ ಕೆಳಗಿನ ಮಹಡಿಯ ನಿಮ್ಮ ಕೋಣೆಗೆ ಬಂದಾಗ ಆ ದೊಡ್ಡ ಸ್ಟೀಲ್ ಹಂಡೆ ಬುಸುಗುಡುತ್ತಿತ್ತು. ನಾನು ಹೆದರಿ ಗೋಡೆಗೆ ಅಂಟಿದೆ. "ಹೆದ್ರಬೇಡ ಫಸ್ಟ್ ಇಯರ್ರಮ್ಮ, ಮನೆ ಕುಕ್ಕರ್ರೇ ಇದು, ಡಿಗ್ರಿ ಮಾಡಿದೆ ಅಷ್ಟೆ" ಅಂದಿರಿ. ಕ್ರಿಮಿ ಸಾಯುವಂತೆ ಕಾಯಿಸಿದ ನೀರಿನ ಬಾಟಲಿಗಳನ್ನು ಹೊರಗೆ ತೆಗೆದು, ಒಂದೊಂದರ ಕೊರಳಿಗೂ ಅಂಟಿಸಿದ್ದ ಟೇಪನ್ನು ತೋರಿಸಿದಿರಿ. ಸರಿಯಾಗಿ ಬಿಸಿ ತಾಗಿದ್ದರೆ ಅದರ ಮೇಲಿನ ಗೆರೆಗಳು ಕಪ್ಪಾಗುತ್ತವೆ. "ಗೆರೆ ಕಪ್ಪಾಗೋವರೆಗೂ ನನ್ನ ಜವಾಬ್ದಾರಿ. ಮುಚ್ಚಳ ತೆಗೆದ ಮೇಲೆ ನಿಮ್ಮದು" ಅಂದಿರಿ. ನಾನು ತಲೆಯಾಡಿಸಿದೆ. ಹಾಸ್ಟೆಲಿನವರು ಎಲ್ಲದಕ್ಕೂ ತಲೆಯಾಡಿಸುತ್ತೇವೆ.

ನನ್ನ ಕೆಲಸ ಏನೆಂದು ಕೇಳಿದವರು ನೀವೊಬ್ಬರೇ. ನಮ್ಮ ಮನೆಯವರೂ ಕೇಳಿಲ್ಲ. ಒಂದು ಬೂಷ್ಟು, ಒಂದು ಬ್ಯಾಕ್ಟೀರಿಯಾ. ಎರಡೂ ಬೇರೆಯಾಗಿ ನೂರಾರು ಕೋಟಿ ವರ್ಷಗಳಾಗಿವೆ. ಆದರೂ ಎರಡರಲ್ಲೂ ಒಂದೇ ಕೆಲಸ ಮಾಡುವ ಕಿಣ್ವವೊಂದಿದೆ. ಹಳೆಯ ಅಜ್ಜಿಯಿಂದ ಇಬ್ಬರಿಗೂ ಬಂದ ಆಸ್ತಿಯೋ, ನಡುವೆ ಎಂದೋ ಒಬ್ಬರು ಇನ್ನೊಬ್ಬರಿಂದ ಎತ್ತಿಕೊಂಡದ್ದೋ? ಜೀನಿನ ಅಕ್ಷರಗಳನ್ನು ಅಕ್ಕಪಕ್ಕ ಇಟ್ಟು, ಎಷ್ಟು ಬದಲಾಗಿವೆ ಎಂದು ಎಣಿಸಿ ಹೇಳಬೇಕು. ಬೇರೆಯಾಗಿ ಹೆಚ್ಚು ಕಾಲವಾದಷ್ಟೂ ಬದಲಾವಣೆ ಹೆಚ್ಚು. ಇದನ್ನೆಲ್ಲ ಕೇಳಿ ನೀವು ನಕ್ಕಿದ್ದಿರಿ. "ಅದೇನ್ ಮಹಾ! ನಾನೂ ನಮ್ಮಣ್ಣನೂ ಬೇರೆಯಾಗಿ ಇಪ್ಪತ್ತು ವರ್ಷ. ಅವನ ಮಕ್ಕಳ ಬೈಗುಳವೇ ಬೇರೆ ಆಗೋಗಿದೆ. ಬೈದ್ರೆ ನಮ್ಮ ಮಕ್ಕಳಿಗೆ ಅರ್ಥಾನೇ ಆಗಲ್ಲ!"

ಆಮೇಲೆ ಆ ಮಂಗಳವಾರ. ಹನಿ ಅಳೆದು ಹೀರುವ ಪಿಪೆಟ್ಟಿನ ತುದಿಗೆ ಒಂದೊಂದು ಸಲವೂ ಹೊಸ ಟಿಪ್ ಹಾಕಬೇಕು. ಡಬ್ಬಿಯಲ್ಲಿ ಟಿಪ್ ಮುಗಿಯುತ್ತ ಬಂದಿತ್ತು. ಕೆಳಗಿಳಿದು ನಿಮ್ಮನ್ನು ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಆ ವಾರ ಆಗಲೇ ಎರಡು ಸಲ ಕೇಳಿದ್ದೆ. ಮೂರನೇ ಸಲ ಕೇಳಿದರೆ ಏನಂದುಕೊಳ್ಳುತ್ತೀರೋ ಎಂದು ಅರ್ಧ ಗಂಟೆ ಕೂತು ಯೋಚಿಸಿದೆ. ನಿಜವಾಗಿ ಅರ್ಧ ಗಂಟೆ. ಕೊನೆಗೆ ಬ್ಯಾಕ್ಟೀರಿಯಾ ಮುಟ್ಟಿದ್ದ ಟಿಪ್ಪನ್ನೇ ನಿಮ್ಮ ನೀರಿನ ಬಾಟಲಿಯಲ್ಲಿ ಅದ್ದಿದೆ.

ಅಂದು ಆರು ಟ್ಯೂಬು ಇಟ್ಟಿದ್ದೆ. ಐದರಲ್ಲಿ ಬೂಷ್ಟಿನ ಡಿಎನ್‌ಎ. ಆರನೆಯದು ಬ್ಲಾಂಕ್, ಅಂದರೆ ನಿಮ್ಮ ನೀರು ಮಾತ್ರ. ಹುಡುಕುವ ಜೀನು ಯಾವ ಟ್ಯೂಬಿನಲ್ಲಿದೆಯೋ, ಫೋಟೋದಲ್ಲಿ ಅದರ ಸಾಲಿನಲ್ಲಿ ಬಿಳಿ ಪಟ್ಟಿ ಕಾಣುತ್ತದೆ. ಬ್ಲಾಂಕಿನಲ್ಲಿ ಏನೂ ಕಾಣಬಾರದು. ಕಂಡರೆ ಉಳಿದ ಐದನ್ನೂ ನಂಬುವಂತಿಲ್ಲ. ಫೋಟೋ ಬಂದಾಗ ಐದು ಸಾಲಿನಲ್ಲೂ ಬಿಳಿ ಪಟ್ಟಿ ಹೊಳೆಯುತ್ತಿತ್ತು, ಆರನೆಯದರಲ್ಲೂ. ಇನ್ನೊಮ್ಮೆ ಮಾಡಿದರಾಯಿತು, ಸದ್ಯಕ್ಕೆ ಯಾರೂ ನೋಡದಿರಲಿ ಎಂದುಕೊಂಡು, ಕತ್ತರಿಯಲ್ಲಿ ಆ ಆರನೇ ಸಾಲನ್ನು ಕತ್ತರಿಸಿ ಬುಟ್ಟಿಗೆ ಹಾಕಿದೆ. ಇನ್ನೊಮ್ಮೆ ಮಾಡಲೇ ಇಲ್ಲ.

ಉಳಿದ ಐದನ್ನು ಓದಿಸಲು ಕಳಿಸಿದ್ದೆ. ಎರಡು ವಾರದ ನಂತರ ಜೀನಿನ ಅಕ್ಷರಗಳ ಪಟ್ಟಿ ಬಂತು. ಬೂಷ್ಟಿನದೂ ಬ್ಯಾಕ್ಟೀರಿಯಾದ್ದೂ ಒಂದೇ, ಒಂದಕ್ಷರವೂ ಬೇರೆಯಿಲ್ಲ. ಗೈಡ್ ಮೇಡಂ ಕುಣಿಯುವುದೊಂದು ಬಾಕಿ. ಇದು ಇತ್ತೀಚೆಗಷ್ಟೇ ಹಾರಿಬಂದ ಜೀನು, ದೊಡ್ಡ ಸುದ್ದಿ ಎಂದರು. "ಬ್ಲಾಂಕ್ ಕ್ಲೀನ್ ಇತ್ತಲ್ವಾ?" ಎಂದು ಕೇಳಿದರು. ತಲೆಯಾಡಿಸಿದೆ.

ಅದೇ ಸಂಜೆ ಆ ಸುದ್ದಿಯನ್ನು ನಿಮಗೆ ಹೇಳಲು ಬಂದಿದ್ದೆ, ಹೊಗಳಿಸಿಕೊಳ್ಳಲು. ನೀವು ಬಾಟಲಿ ಒರೆಸುತ್ತಿದ್ದವರು ನಿಲ್ಲಿಸಿದಿರಿ. "ಒಂದಕ್ಷರಾನೂ ಬದಲಾಗಿಲ್ವಾ? ಬೇರೆಯಾಗಿ ಅಷ್ಟು ವರ್ಷ ಆಗಿದ್ರೆ ಒಂದು ಬೈಗುಳನಾದ್ರೂ ಬದಲಾಗ್ಬೇಕಿತ್ತಲ್ಲ ತಾಯಿ" ಅಂದಿರಿ. ಅಷ್ಟೇ. ಮತ್ತೆ ಒರೆಸತೊಡಗಿದಿರಿ. ನಿಮಗೆ ಆಗಲೇ ಗೊತ್ತಿತ್ತೆಂದು ನನಗೆ ಗೊತ್ತಾಗಲಿಲ್ಲ.

ಮುಂದಿನದು ನಿಮಗೇ ಚೆನ್ನಾಗಿ ಗೊತ್ತು. ಸಭೆಯಲ್ಲಿ ಬೇರೆ ಲ್ಯಾಬಿನ ಹಿರಿಯರೊಬ್ಬರು ಬ್ಲಾಂಕ್ ತೋರಿಸಿ ಎಂದರು. ಮೇಡಂ ಎಲ್ಲರೆದುರು ಅದೇ ಬಾಟಲಿಯ ನೀರಿನಿಂದ ಮತ್ತೆ ಮಾಡಿಸಿದರು. ಬ್ಲಾಂಕ್ ಹೊಳೆಯಿತು. ನಿಮ್ಮ ಬಾಟಲಿಯ ನೀರನ್ನು ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗೆ ಬಳಿದರು, ಮರುದಿನ ಅದರ ಮೇಲೆ ಬ್ಯಾಕ್ಟೀರಿಯಾ ಎದ್ದಿತ್ತು. ನಿಮ್ಮನ್ನು ಮೇಲೆ ಕರೆಸಿದರು. ನೀವು ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲ ಬಳಿಯೇ ನಿಂತಿರಿ. ವಿಭಾಗದ ಮುಖ್ಯಸ್ಥರು "ನೀರು ಕುದ್ಸೋಕೂ ಪಾಠ ಮಾಡ್ಬೇಕೇನ್ರಿ ನಿಮ್ಗೆ?" ಎಂದು ಕೇಳಿದಾಗ ಯಾರೋ ನಕ್ಕರು. "ಗೆರೆ ಕಪ್ಪಾಗಿತ್ತು ಸಾರ್" ಅಂದಿರಿ. ಒಮ್ಮೆ ನನ್ನ ಕಡೆ ನೋಡಿದಿರಿ. ಹಾಸ್ಟೆಲಿನಲ್ಲಿ ನಾನು ಕಲಿತ ಮೊದಲ ಪಾಠ, ಏನಾದರೂ ಒಡೆದರೆ ಸುಮ್ಮನಿರು, ವಾರ್ಡನ್ ಯಾರನ್ನಾದರೂ ಹಿಡಿದು ಹೊಡೆದು ಮುಗಿಸುತ್ತಾರೆ. ಸುಮ್ಮನಿದ್ದೆ. ನಾಳೆಯಿಂದ ಬರಬೇಡಿ ಎಂದರು.

ನೀವು ಹೋದ ಹತ್ತನೇ ದಿನ ಟೇಪು ಬೇಕಾಗಿ ನಿಮ್ಮ ಕೋಣೆಯಲ್ಲೇ ಉಳಿದಿದ್ದ ನಿಮ್ಮ ತಗಡಿನ ಡಬ್ಬಿ ತೆರೆದೆ. ಮುಚ್ಚಳದ ಒಳಬದಿಯಲ್ಲಿ ನಾನು ಕತ್ತರಿಸಿ ಬಿಸಾಡಿದ್ದ ಆ ಆರನೇ ಸಾಲು ಇತ್ತು. ನಿಮ್ಮ ಟೇಪಿನಿಂದಲೇ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆದಿದ್ದಿರಿ. ಬುಟ್ಟಿ ಖಾಲಿ ಮಾಡುವವರು ನೀವೇ ಎನ್ನುವುದನ್ನು ನಾನು ಮರೆತಿದ್ದೆ. ಆ ಟೇಪಿನ ಗೆರೆಗಳು ಇನ್ನೂ ಕಪ್ಪಾಗಿರಲಿಲ್ಲ.

ಮಾವ, ನಾನು ಮುಚ್ಚಿಟ್ಟದ್ದನ್ನು ತೋರಿಸಿ ನಿಮ್ಮ ಕೆಲಸ ಉಳಿಸಬಹುದಾಗಿದ್ದ ಕಾಗದವನ್ನು ಕೆಳಗೆ ಡಬ್ಬಿಯಲ್ಲಿಟ್ಟುಕೊಂಡು ಬಾಗಿಲ ಬಳಿ ನಿಂತಿದ್ದಿರಿ. ಯಾಕೆ ತೋರಿಸಲಿಲ್ಲ? ನಾನೇ ಬಾಯಿ ಬಿಡುತ್ತೇನೆಂದು ಕಾದಿರಾ? ಕನಿಕರವಾ? ಅಥವಾ ನಿಮ್ಮ ಮಾತನ್ನು ಅವರು ಹೇಗೂ ನಂಬುವುದಿಲ್ಲ ಎಂದು ಗೊತ್ತಿತ್ತಾ? ಮೂರನೆಯದೇ ಇರಬೇಕು ಅನ್ನಿಸುತ್ತದೆ. ಅದೇ ನನ್ನನ್ನು ಹೆಚ್ಚು ಸುಡುತ್ತದೆ.

ಮೇಡಂಗೆ ಎಲ್ಲ ಹೇಳಿದೆ. "ಆ ಜಾಗಕ್ಕೆ ಹೊಸಬ್ರು ಬಂದಾಯ್ತು. ಈಗ ಕೆದಕಿದ್ರೆ ಎಲ್ರ ಮೇಲೂ ಬೀಳುತ್ತೆ. ನೀನಿನ್ನೂ ಫಸ್ಟ್ ಇಯರ್, ಸುಮ್ನೆ ಓದ್ಕೊ" ಅಂದರು. ಆದರೂ ನಡೆದದ್ದನ್ನೆಲ್ಲ ಮುಖ್ಯಸ್ಥರಿಗೆ ಸಹಿ ಹಾಕಿ ಬರೆದುಕೊಟ್ಟೆ. ಸೋಮವಾರ ಸಮಿತಿಯ ಮುಂದೆ ಬಾ ಎಂದಿದ್ದಾರೆ. ನನ್ನ ಸೀಟು ಹೋಗಬಹುದು. ಹೋಗಲಿ ಎಂದು ಬರೆಯಬೇಕು, ಆದರೆ ಸುಳ್ಳು ಹೇಳಲಾರೆ. ನೀವು ಮಾತ್ರ ವಾಪಸ್ ಬರುವಂತಿಲ್ಲವಂತೆ. ತಾತ್ಕಾಲಿಕ ನೌಕರರನ್ನು ಮತ್ತೆ ಕರೆಯುವ ಪದ್ಧತಿ ಇಲ್ಲವಂತೆ. ಇಪ್ಪತ್ತಾರು ವರ್ಷದ ತಾತ್ಕಾಲಿಕ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಈ ಗಾದೆಯನ್ನು ವಿಸ್ತರಿಸಿ ಬರೆದು ಹೈಸ್ಕೂಲಿನಲ್ಲಿ ನಾಲ್ಕಕ್ಕೆ ಮೂರೂವರೆ ತೆಗೆದಿದ್ದೆ.

ಬರೆದುಕೊಟ್ಟದ್ದರ ನಕಲನ್ನು ಇದರೊಳಗೆ ಇಟ್ಟಿದ್ದೇನೆ. ಆರನೇ ಸಾಲು ನನ್ನ ಬಳಿ ಇದೆ, ಸೋಮವಾರ ಮೇಜಿನ ಮೇಲಿಡುತ್ತೇನೆ. ನಿಮ್ಮ ಮಕ್ಕಳಿಗೆ ಈ ನಕಲನ್ನು ತೋರಿಸಿ. ಅಪ್ಪನಿಗೆ ನೀರು ಕಾಯಿಸಲು ಬರುತ್ತಿತ್ತು ಎಂದು ಒಂದು ಕಾಗದದಲ್ಲಾದರೂ ಇರಲಿ.

ದಿನವಿಡೀ ಹಬೆಯಲ್ಲಿ ನಿಲ್ಲುವವರಿಗೆ ಹೊಟ್ಟೆ ತಣ್ಣಗಿರಲಿ ಎಂದು ಹಾರೈಸುವಷ್ಟು ದೊಡ್ಡವಳು ನಾನಲ್ಲ. ಆದರೂ ಇರಲಿ, ಮಾವ. ತಣ್ಣಗಿರಲಿ.

ಮುಚ್ಚಳ ತೆಗೆದವಳು,
ನಿಮ್ಮ ಫಸ್ಟ್ ಇಯರ್ರಮ್ಮ