ಹತ್ತನೆಯ ತೋಳು

ಹಳಿಯಾಳ
೧೨ ಡಿಸೆಂಬರ್ ೨೦೨೧

ಪ್ರಿಯ ಗೆಳೆಯ ಗೂಳಪ್ಪ,

ಸಮಸ್ತ ನಾಗರಿಕರಿಗೂ, ವಿಶೇಷವಾಗಿ ಅತ್ತಿವೇರಿಯಲ್ಲಿ ಮಂಚ ಹಿಡಿದಿರುವ ನಿನಗೂ ಈ ಮೂಲಕ ಸಾರುವುದೇನೆಂದರೆ: ನಿನ್ನೆ ಮುಂಜಾನೆ ಎಂಟೂವರೆಗೆ ನಾನು ಮೀಸೆ ಬೋಳಿಸಿದ್ದೇನೆ. ಮನೆಯಾಕೆಗೆ ಅದು ಗೊತ್ತಾದದ್ದು ಎರಡನೇ ಚಹಾದ ಹೊತ್ತಿಗೆ. ಈ ಮಹಾವಾರ್ತೆ ಒಂದು ದಿನ ತಡ. ನಿನ್ನ ಆರೋಗ್ಯ ಕೇಳುವ ಪತ್ರ ಒಂದು ತಿಂಗಳು ತಡ. ಕ್ಷಮಿಸು.

ನಿನ್ನ ಮನೆಯಾಕೆ, ನಮ್ಮ ಸಿದ್ದಕ್ಕ ವೈನಿ, ಫೋನಿನಲ್ಲಿ ಎಲ್ಲ ಹೇಳಿದರು. "ನಿಮ್ಮ ಗೆಳ್ಯಾ ವಾಕರ್ ಹಿಡದು ಎಮ್ಮಿ ಕರಾ ಓಡಸಾಕ ಹೋಗ್ಯಾರ್ರಿ. ಕರಾ ಅಂಜಲಿಲ್ಲ, ನಾ ಅಂಜಿದೆ!"

ನಕ್ಕೆ. ಆಮೇಲೆ ಹುಬ್ಬಳ್ಳಿಯ ದವಾಖಾನೆ ನೆನಪಾಯಿತು. ಕೈಕಾಲು ಬಿದ್ದ ಸ್ಥಿತಿಯಲ್ಲೂ ನೀನು, "ಗಿಲನ್-ಬಾರೆ ಅಂತ ನೋಡಲೇ. ಬ್ಯಾನಿ ಹೆಸರು ಗೋವಾದ ಬಾರಿನಂಗ ಐತಿ" ಅಂದಿದ್ದೆ. ನರಗಳ ಉರಿಯೂತ, ಕೊರೊನಾ ಲಸಿಕೆಯ ನಂತರ ಲಕ್ಷಗಟ್ಟಲೆ ಜನರಲ್ಲಿ ಒಬ್ಬರಿಗೆ ಆಗಬಹುದು, ನಿನಗೆ ಅದರಿಂದಲೇ ಬಂತೆಂದು ಖಾತ್ರಿ ಹೇಳಲಾರೆ ಎಂದರು ಡಾಕ್ಟರು. ಆ ಮಾತಿನಿಂದ ನನಗೆ ಸಮಾಧಾನವಾಗಬೇಕಿತ್ತು.

ಆಗಲಿಲ್ಲ. ಎತ್ತು ನೋಡಲು ಕುಂಬಾರವಾಡಕ್ಕೆ ಹೋಗಿದ್ದ ದಿನ ನೆನಪಿದೆಯಲ್ಲ? ಶಾಲೆಯ ಕಟ್ಟೆಯ ಮೇಲೆ ನರ್ಸ್ ಸುಶೀಲವ್ವ ಒಂಬತ್ತು ಜನರನ್ನು ಕೂರಿಸಿಕೊಂಡು ಕಾಯುತ್ತಿದ್ದರು. "ಹತ್ತು ಮಂದಿ ಆಗ್ಲಾರದ ಬಾಟ್ಲಿ ತಗ್ಯಾಂಗಿಲ್ರಿ. ಉಳಿದ ಔಷಧ ಚೆಲ್ಲಬೇಕಾಗ್ತೈತಿ."

ನೀನು ಆಗಲೇ ಬಸ್ಸಿನ ಮೆಟ್ಟಿಲ ಮೇಲಿದ್ದೆ. ನಾನು ಕೂಗಿದೆ: "ನೋಡ್ರಿ, ಇಂವಾ ಸೂಜಿಗೆ ಅಂಜಿ ಓಡಾಕತ್ತಾನ!" ಒಂಬತ್ತೂ ಜನ ನಕ್ಕರು. ನೀನು ಬಸ್ಸು ಬಿಟ್ಟು, ಅಂಗಿಯ ತೋಳು ಮಡಚುತ್ತ ಇಳಿದು ಬಂದೆ. "ಏ, ಯಾವಾಂವ ಅಂಜತಾನ? ಚುಚ್ಚರಿ ಅಕ್ಕಾರ!"

ಎರಡು ವಾರಕ್ಕೆ ನಿನ್ನ ಪಾದ ಜುಮ್ಮೆಂದಿತು. ನಾಲ್ಕು ದಿನಗಳಲ್ಲಿ ಕಾಲೇ ಏಳಲಿಲ್ಲ. ಆಗ ನಿನ್ನನ್ನು ನಾನೇ ಕಾರಿಗೆ ಹೊತ್ತು ಹಾಕಿದ್ದು ನಿಜ. ಆದರೆ ಬಂದವರಿಗೆಲ್ಲ "ಪುಂಡಲೀಕ ಇದ್ದದ್ದಕ್ಕ ಉಳಿದ್ನಿ" ಎಂದು ಹೇಳುತ್ತಿದ್ದೀಯಂತೆ. ಸಾಕು ಮಾರಾಯ. ಆ ಹೊಗಳಿಕೆ ನನ್ನ ಗಂಟಲಲ್ಲಿ ಇಳಿಯುತ್ತಿಲ್ಲ.

ಶಿವ ನಿನ್ನ ಕಾಲಿಗೆ ಮೊದಲಿನ ಕಸುವು ಕೊಡಲಿ. ವೈನಿಯವರಿಗೆ ನಮಸ್ಕಾರ.

ನಿನ್ನ
ಪುಂಡಲೀಕ

ತಾ.ಕ.: ಅಂದು ಸುಶೀಲವ್ವ ಮೊದಲು ಕೇಳಿದ್ದು ನನ್ನನ್ನು. "ನಿಮ್ದು ಆಗೇತೇನ್ರಿ?" "ಆಗೇತ್ರಿ, ಹಳಿಯಾಳದಾಗ" ಎಂದೆ. ಆಗಿರಲಿಲ್ಲ. ಇಂದಿಗೂ ಆಗಿಲ್ಲ. ಸೂಜಿಗೆ ಅಂಜುವವನು ನಾನು, ಗೂಳಪ್ಪ. ಇಪ್ಪತ್ತೊಂದನೇ ತಾರೀಖು ಮಂಗಳವಾರ ಹನ್ನೊಂದಕ್ಕೆ ಹೋಗಿ ಹಾಕಿಸಿಕೊಳ್ಳುತ್ತೇನೆ. ಸರಿಯಾಗಿ ಆ ಹೊತ್ತಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈ. ಸೂಜಿ ಹೊರಗೆ ಬರುವತನಕ ಫೋನ್ ಇಡಬೇಡ.